ಯಾವ ಎದುರು?

"ಎದುರುಮನೆ ಮಿಸ್ ಹೋಗ್ಬಿಟ್ರಂತೆ ಕಣ್ರೀ," ಎಂದು ಗಿರಣಿಯಲ್ಲಿ ಹಿಟ್ಟಿಗೆ ಕಾಯುತ್ತಿದ್ದಾಗ ಹಳೆಯ ಪರಿಚಯದವರೊಬ್ಬರು ಹೇಳಿದರು. ಗಿರಣಿಯ ಸದ್ದಿನಲ್ಲಿ ನಾನು ಗಟ್ಟಿಯಾಗಿ "ಎಲ್ಲಿಗೆ?" ಎಂದು ಕೇಳಿಬಿಟ್ಟೆ. ಅವರು ಒಂದು ಸಲ ನನ್ನ ಮುಖ ನೋಡಿ, ಸೆರಗಿನಿಂದ ಹಿಟ್ಟಿನ ಡಬ್ಬಿ ಒರೆಸತೊಡಗಿದರು. ಆಗ ಅರ್ಥವಾಯಿತು. ಇದು ಎಲ್ಲಿಗೆ ಎಂದು ಕೇಳುವಂಥ ಹೋಗುವುದಲ್ಲ.

ಮಿಸ್ ಇದ್ದಿದ್ದರೆ ಇದಕ್ಕೆ ಬೈಯುತ್ತಿರಲಿಲ್ಲ. "ಛಲೋ ಕೇಳಿದಿ ತಂಗಿ. ಎಲ್ಲಿ ಅನ್ನೋದು ಮೊದಲ ಗೊತ್ತಾಗಬೇಕು. ಉಳಿದದ್ದು ಆಮ್ಯಾಲ" ಎನ್ನುತ್ತಿದ್ದರು. ಎಲ್ಲಿ ಎಂದು ಕೇಳುವುದನ್ನು ನನಗೆ ಕಲಿಸಿದವರೇ ಅವರು. ಒಂದು ಕಾಲದಲ್ಲಿ ನಮ್ಮ ಯಜಮಾನರ ಕೆಲಸ, ನಮ್ಮ ಮನೆಯ ಒಲೆ, ಎರಡೂ ಒಂದೇ ಒಂದು ಕನ್ನಡ ಪದದ ಮೇಲೆ ನಿಂತಿದ್ದವು. ಆ ಪದವನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಅದಕ್ಕೆ ಎರಡು ಮುಖಗಳಿವೆ ಎಂದು ತೋರಿಸಿದವರೂ ಅವರೇ.

ನಾನು ಮದುವೆಯಾಗಿ ರಾಜಾಜಿನಗರಕ್ಕೆ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಬೀದಿಯ ಕೊನೆಗೆ ಹೋಗಿ ನಿಂತರೆ ಕುರುಬರಹಳ್ಳಿ ಕಡೆಯ ಹೊಲ ಕಾಣುತ್ತಿದ್ದ ಕಾಲ. ನಮ್ಮದು ಸಾಲುಮನೆಗಳಲ್ಲಿ ಒಂದು. ಯಜಮಾನರು ಒಂದು ಫ್ಯಾಕ್ಟರಿಯ ಬಸ್ಸಿನ ಡ್ರೈವರು. ಶಿಫ್ಟಿಗೆ ಹೋಗುವ ಬರುವ ಕೆಲಸಗಾರರನ್ನು ಹೊತ್ತುಕೊಂಡು ಮಾಗಡಿ ರಸ್ತೆಯಲ್ಲಿ ಬ್ಯಾಡರಹಳ್ಳಿವರೆಗೂ ಓಡಾಡುತ್ತಿದ್ದರು. ರಸ್ತೆಯ ಆಚೆ, ಸರಿಯಾಗಿ ನಮ್ಮ ಬಾಗಿಲಿಗೆ ಅವರ ಬಾಗಿಲು ಬರುವಂತೆ, ಮಿಸ್ ಮನೆ. ಧಾರವಾಡದ ಕಡೆಯವರು. ಹತ್ತಿರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ಮನೆಯಲ್ಲಿ ಅವರು ಮತ್ತು ಅವರ ತಾಯಿ, ಇಬ್ಬರೇ.

ಬಂದ ವಾರದಲ್ಲೇ ನಾನು ಕಾಫಿಪುಡಿ ಕೇಳಲು ಹೋಗಿ ಹೊಸಿಲಿನ ಹತ್ತಿರ ಅಳುಕುತ್ತಾ ನಿಂತಿದ್ದೆ.

"ಯಾಕ ತಂಗಿ, ಹೊಸ್ತಲದ ಮ್ಯಾಲ ನಿಂತಿ? ಒಳಗರ ಬಾ, ಹೊರಗರ ಹೋಗು. ಹೊಸ್ತಲದ ಮ್ಯಾಲ ನಿಂತವರಿಗೆ ಇಂಗ್ಲಿಷಿನ್ಯಾಗ ಶಬ್ದನs ಇಲ್ಲ."

"ಮಿಸ್, ಅದು..."

"ಮಿಸ್! ನಮ್ಮ ಊರಾಗ ಅಕ್ಕೋರ ಅಂತಿದ್ದರು. ಇಲ್ಲಿ ಬಂದು ಮಿಸ್ ಆದೆ. ಮಿಸ್ ಅಂದ್ರ ಏನು ಗೊತ್ತೈತೇನು? ತಪ್ಪಿಹೋದಾಕಿ." ಹಾಗೆಂದು ತಾವೇ ನಕ್ಕರು. ಒಳಗಿನಿಂದ ಅವರ ತಾಯಿಯೂ ನಕ್ಕರು. ಆ ನಗೆ ಕೇಳಿಯೇ ನನ್ನ ಅಳುಕು ಹೋಯಿತು.

ನಾನು ಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿ, ಇಂಗ್ಲಿಷಿನಲ್ಲಿ ಫೇಲಾಗಿ, ಮದುವೆ ಎಂಬ ಪರೀಕ್ಷೆಗೆ ಕೂತವಳು. ಅದನ್ನು ತಿಳಿದ ಮೇಲೆ ಮಿಸ್ ಬಿಡಲಿಲ್ಲ. "ಸಂಜಿಕೆ ಒಂದು ತಾಸು ಬಾ. ಬರೂವಾಗ ಬಟ್ಟಲು, ಮುಚ್ಚಳ, ಸೌಟು ತಗೊಂಡು ಬಾ" ಎಂದರು. ಪುಸ್ತಕ ತರಲು ಹೇಳಲಿಲ್ಲ.

ಅವರ ಪಾಠ ಶುರುವಾದದ್ದು "ಮೇಲೆ" ಎಂಬ ಪದದಿಂದ. ಬಟ್ಟಲನ್ನು ಮಣೆಯ ಮೇಲಿಟ್ಟರು. "ಇದು ಎಲ್ಲೈತಿ?" "ಮಣೆ ಮೇಲೆ." ಅಂಗೈಯನ್ನು ಇನ್ನೊಂದು ಅಂಗೈಗೆ ತಾಗಿಸಿ ತೋರಿಸಿದರು. "ಆನ್." ಬಿಸಿನೀರಿನ ಹಬೆ ಬಟ್ಟಲಿನ ಮೇಲೆ ಏಳುತ್ತಿತ್ತು. "ಹಬೆ ಎಲ್ಲೈತಿ?" "ಬಟ್ಟಲಿನ ಮೇಲೆ." ಈಗ ಮೇಲಿನ ಅಂಗೈ ಕೆಳಗಿನ ಅಂಗೈಯಿಂದ ಸ್ವಲ್ಪ ಎದ್ದಿತು, ತಾಗಲಿಲ್ಲ, ಹರಡಿಕೊಂಡು ನಿಂತಿತು. "ಓವರ್." ಆಮೇಲೆ ಗೋಡೆಯ ಗೂಡಿನಲ್ಲಿದ್ದ ದೀಪ. "ದೀಪ ಎಲ್ಲೈತಿ?" "ಬಟ್ಟಲಿಗಿಂತ ಮೇಲೆ." ಕೈ ಇನ್ನೂ ಮೇಲೆ ಹೋಯಿತು. "ಅಬೌವ್." ಆ ಕೈ ಏರುವುದನ್ನು ನೋಡುತ್ತಾ ನಾನು ಬಾಯಿ ತೆರೆದು ಕೂತಿದ್ದೆ. ನಾಟ್ಯ ಮಾಡುವವರ ಕೈ ನೋಡಿದ್ದೇನೆ, ಆದರೆ ಒಂದು ಭಾಷೆಯ ವ್ಯಾಕರಣ ಕೈಯಲ್ಲಿ ಕುಣಿಯುವುದನ್ನು ನೋಡಿದ್ದು ಅಲ್ಲೇ.

ನಾನು ಮನೆಗೆ ಬಂದು ಅತ್ತೆಯವರಿಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು.

"ಮೇಲೆ ಅಂದ್ರೆ ಮೇಲೆ ಕಣೇ. ಅದಕ್ಕೆ ಮೂರು ಹೆಸರು ಯಾಕೆ? ಆ ಬಿಳಿಯರಿಗೆ ಮಾಡೋಕೆ ಬೇರೆ ಕೆಲಸ ಇರ್ಲಿಲ್ವಾ?"

ಮರುದಿನ ಇದನ್ನು ಮಿಸ್ಸಿಗೆ ಒಪ್ಪಿಸಿದೆ. ಅವರಿಗೆ ಬಹಳ ಸಂತೋಷವಾಯಿತು. "ನಿಮ್ಮ ಅತ್ತಿ ಖರೇನs ಹೇಳ್ಯಾರ. ನಮ್ಮ ಮ್ಯಾಲ ಅನ್ನೋದು ದೊಡ್ಡ ಮನಿ ತಂಗಿ, ಎಲ್ಲಾರೂ ಒಳಗ ಹಿಡಿತಾರ. ಗ್ವಾಡಿ ಮ್ಯಾಲ ಹಲ್ಲಿ, ತಲಿ ಮ್ಯಾಲ ಸೂರು, ಊಟ ಆದ ಮ್ಯಾಲ ಎಲಿ, ದೇವರ ಮ್ಯಾಲ ಆಣಿ. ಇಂಗ್ಲಿಷಿನವರು ಒಬ್ಬೊಬ್ಬರಿಗೂ ಬ್ಯಾರೆ ಖೋಲಿ ಕಟ್ಟ್ಯಾರ. ನಮ್ಮವರು ತಪ್ಪಲ್ಲ, ಅವರೂ ತಪ್ಪಲ್ಲ. ಆದರ ಈ ಮನಿಯಿಂದ ಆ ಮನಿಗೆ ಹೋಗೂವಾಗ ಕೇಳಬೇಕು, ಯಾವ ಮ್ಯಾಲ?"

"ಯಾವ ಮ್ಯಾಲ?" ಎಂಬುದು ಅವರ ಮಂತ್ರ. ಸ್ಕೂಲಿನ ಮಕ್ಕಳು ಅವರ ಬೆನ್ನ ಹಿಂದೆ ಅದನ್ನೇ ಹೇಳಿ ಅಣಕಿಸುತ್ತಿದ್ದವು. ಬಿದಿರಿನ ಹಿಡಿಯ ಕೊಡೆ ಹಿಡಿದು ಅವರು ಬೀದಿಯಲ್ಲಿ ಬರುವಾಗ ಯಾರಾದರೂ ವಿಳಾಸ ಕೇಳಿದರೆ ಸಾಕು, ನಿಂತುಬಿಡುತ್ತಿದ್ದರು. ಬೆಂಗಳೂರಿನ ವಿಳಾಸಗಳು ಗೊತ್ತಲ್ಲ, ಗಿರಣಿ ಎದುರು, ದೇವಸ್ಥಾನದ ಹಿಂದೆ, ನೀರಿನ ಟ್ಯಾಂಕ್ ಹತ್ತಿರ, ಸೈಕಲ್ ಶಾಪ್ ಮೇಲೆ. ಮಿಸ್ ಆ ಮನುಷ್ಯನಿಗೆ ಕೊಡೆಯ ತುದಿಯಿಂದ ನೆಲದ ಮೇಲೆ ಗೆರೆ ಎಳೆದು, ಎಲ್ಲಿ ತಿರುಗಬೇಕು, ಯಾವ ಮೋರಿ ದಾಟಬೇಕು, ದಾಟಿದ ಮೇಲೆ ಯಾವ ಕೈಗೆ ಬೇವಿನಮರ ಬರುತ್ತದೆ ಎಂದು ಹೇಳುತ್ತಿದ್ದರು. ಅವರು ಹೇಳಿದ ದಾರಿಯಲ್ಲಿ ಹೋದವರು ಮತ್ತೊಬ್ಬರನ್ನು ಕೇಳಿದ್ದನ್ನು ನಾನು ನೋಡಲಿಲ್ಲ. ಒಮ್ಮೆ ತಮಿಳು ಮಾತ್ರ ಬರುವ ಮುದುಕಿಯೊಬ್ಬಳಿಗೆ ಬರೀ ಕೈಯಲ್ಲೇ ದಾರಿ ಹೇಳಿ ಕಳಿಸಿದರು. ಆಕೆ ಹೋಗಿ ಮುಟ್ಟಿ, ಸಂಜೆ ಬಾಳೆಹಣ್ಣು ತಂದು ಕೊಟ್ಟು ಹೋದಳು.

ಗಂಡ ಹೆಂಡಿರ ಜಗಳವನ್ನೂ ಅವರು ಪಾಠಕ್ಕೆ ಎಳೆಯುತ್ತಿದ್ದರು. ಒಂದು ದಿನ ನಾನು ಮುಖ ಊದಿಸಿಕೊಂಡು ಹೋಗಿ ಕೂತೆ. ಏನಾಯಿತು ಎಂದರು. ಹೊಸ ಇಂಗ್ಲಿಷಿನಲ್ಲಿ ಹೇಳೋಣ ಎಂದು "ಐ ಆಮ್ ಆಂಗ್ರಿ ಆನ್ ಮೈ ಹಸ್ಬೆಂಡ್" ಎಂದೆ.

"ಆನ್ ಅಲ್ಲ, ವಿತ್."

"ವಿತ್ ಅಂದ್ರೆ ಜೊತೆ ಅಲ್ವಾ ಮಿಸ್? ನನಗೆ ಅವರ ಮೇಲೆ ಕೋಪ."

"ಹೂಂ. ನಾವು ಕೋಪ ಗಂಡನ ಮ್ಯಾಲ ಹಾಕ್ತೀವಿ, ಕೊಡದಾಗಿನ ನೀರಿನಂಗ. ಇಂಗ್ಲಿಷಿನವರು ಗಂಡನ ಜೋಡಿ ಕುಂತು ಕೋಪ ಮಾಡ್ಕೋತಾರ. ಹೋಗು, ಇವತ್ತ ಇಂಗ್ಲಿಷಿನ್ಯಾಗ ಸಿಟ್ಟಾಗು."

ಆ ರಾತ್ರಿಯ ಊಟದ ಹೊತ್ತಿಗೆ ಯಜಮಾನರಿಗೆ ಇದನ್ನು ಹೇಳಿದೆ. ಅವರು ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ನಕ್ಕರು. ಮುಗಿಯಿತು ಜಗಳ.

ಇಷ್ಟೇ ಆಗಿದ್ದರೆ ಒಬ್ಬ ತಮಾಷೆಯ ಮಿಸ್ ಎಂದು ನೆನಪಿಟ್ಟುಕೊಳ್ಳುತ್ತಿದ್ದೆನೇನೋ. ಆದರೆ ನಾನು ಅವರ ತಾಯಿಗೆ ಅವರು ಊಟ ಬಡಿಸುವುದನ್ನು ನೋಡಿದೆ.

ತಾಯಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಮಿಸ್ ತಟ್ಟೆಯನ್ನು ಅವರ ಮುಂದಿಟ್ಟು ಕೂರುತ್ತಿದ್ದರು. ತುತ್ತು ಮಾಡಿ ತಿನ್ನಿಸುತ್ತಿರಲಿಲ್ಲ, ಮಾತಿನಲ್ಲಿ ಬಡಿಸುತ್ತಿದ್ದರು. "ಯವ್ವಾ, ರೊಟ್ಟಿ ನಿನ್ನ ಕಡೆ. ರೊಟ್ಟಿ ದಾಟಿದರ ಪಲ್ಯ. ಪಲ್ಯದ ಎಡಕ್ಕ ಚಟ್ನಿಪುಡಿ. ಬಲಕ್ಕ ಮಜ್ಜಿಗಿ, ತಾಟಿನ ಒಳಗಲ್ಲ, ಹೊರಗ, ತಾಟಿಗೆ ಹತ್ತಿ." ಆ ಮುದುಕಮ್ಮನ ಕೈ ಒಂದು ಸಲವೂ ತಡಕಾಡಲಿಲ್ಲ. ನೇರ ಹೋಗಿ ಮಜ್ಜಿಗೆಯ ಲೋಟ ಎತ್ತಿತು. ಕಣ್ಣಿರುವ ನಾನು ಅದನ್ನು ನೋಡುತ್ತಾ ಉಸಿರು ಹಿಡಿದು ಕೂತಿದ್ದೆ. ಆ ಮನೆಯಲ್ಲಿ ಒಂದು ಚೊಂಬನ್ನೂ ಹೇಳದೆ ಸರಿಸುವಂತಿರಲಿಲ್ಲ. ಸರಿಸಿದರೆ ಸರಿಸಿದ್ದನ್ನು ಹೇಳಬೇಕು, ಎಲ್ಲಿಂದ ಎಲ್ಲಿಗೆ ಎಂದು.

ನಾನು ಒಂದು ದಿನ ಬಾಯಿತಪ್ಪಿ "ಅಜ್ಜಿ, ನೀರು ಅಲ್ಲೇ ಇದೆ" ಎಂದೆ. ಮಿಸ್ ನನ್ನ ಕಡೆ ತಿರುಗಿದರು. ಅವರು ಗಂಭೀರವಾಗಿ ಮಾತಾಡಿದ್ದನ್ನು ಅದುವರೆಗೆ ನಾನು ಕೇಳಿರಲಿಲ್ಲ.

"ಅಲ್ಲೇ ಅಂದ್ರ ಎಲ್ಲಿ ತಂಗಿ? ಬಾಜೂಕ ಒಲಿ ಐತಿ. ಕಾಣದವರಿಗೆ ಮಾತs ಕಣ್ಣು. ಮಾತು ಒಂದು ಗೇಣು ತಪ್ಪಿದರ ಕೈ ಬೆಂಕಿಗೆ ಹೋಗತೈತಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಅದು ಬಾಯಿ ಬಿಗಿಹಿಡಿಯಲು ಹೇಳುವ ಗಾದೆ ಎಂದು ಅಂದುಕೊಂಡಿದ್ದೆ. ಮಾತು ಕೈಸುಡಬಹುದು ಎಂದು ನನಗೆ ಅಂದು ತಿಳಿಯಿತು. ಅದು ನಮ್ಮದೇ ಕೈ ಆಗುವ ದಿನ ದೂರವಿರಲಿಲ್ಲ.

ಒಂದು ಸಂಜೆ ಯಜಮಾನರು ಬಸ್ಸಿಲ್ಲದೆ, ನಡೆದುಕೊಂಡು ಮನೆಗೆ ಬಂದರು. ಅಂಗಿಯ ತೋಳಿನಲ್ಲಿ ಸೀಬೆಹಣ್ಣಿನ ತಿರುಳು ಅಂಟಿತ್ತು.

ಆದದ್ದಿಷ್ಟು. ಮಾಗಡಿ ರಸ್ತೆಯಲ್ಲಿ ಒಂದು ಕಡೆ ರಸ್ತೆ ಅಡ್ಡಕ್ಕೆ ವಾಲಿದೆ, ಬಲಗಡೆ ಎತ್ತರ, ಎಡಗಡೆ ತಗ್ಗು. ಇವರು ಎಡಗಡೆ ಬಸ್ ನಿಲ್ಲಿಸಿ ಜನರನ್ನು ಇಳಿಸಿದರು. ರಸ್ತೆಯ ಆಚೆ ಬದಿ, ಎತ್ತರದಲ್ಲಿ, ಒಬ್ಬ ಮುದುಕನ ಸೀಬೆಹಣ್ಣಿನ ತಳ್ಳುಗಾಡಿ ನಿಂತಿತ್ತು. ಇವರು ಅದನ್ನು ನೋಡಿದರು. ನೋಡಿ ಬಸ್ ಹೊರಡಿಸಿದರು. ಆಗ ಗಾಡಿಯ ಗಾಲಿಗೆ ಒತ್ತಿಟ್ಟಿದ್ದ ಕಲ್ಲು ಜಾರಿ, ಗಾಡಿ ತಾನಾಗಿಯೇ ಉರುಳಿ ರಸ್ತೆ ದಾಟಿ ಬಂದು ಬಸ್ಸಿನ ಮುಂದಿನ ಗಾಲಿಗೆ ಸಿಕ್ಕಿತು. ಗಾಡಿ ಹಿಡಿಯಲು ಓಡಿ ಬಂದ ಮುದುಕ ಬಿದ್ದು ಕೈ ಮುರಿದುಕೊಂಡ. ಇವರೇ ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿ ಬಂದಿದ್ದರು.

ಫ್ಯಾಕ್ಟರಿಯವರು ಇವರ ಹೇಳಿಕೆ ತೆಗೆದುಕೊಂಡರು. ಇವರು ಕನ್ನಡದಲ್ಲಿ ಹೇಳಿದರು, ಗುಮಾಸ್ತರು ಇಂಗ್ಲಿಷಿನಲ್ಲಿ ಬರೆದರು, ಇವರು ಕನ್ನಡದಲ್ಲಿ ರುಜು ಹಾಕಿದರು. ಮರುದಿನ ಸಸ್ಪೆಂಡ್. ವಿಚಾರಣೆಯಲ್ಲಿ ತಪ್ಪು ಖಚಿತವಾದರೆ ಕೆಲಸದಿಂದ ತೆಗೆಯುತ್ತೇವೆ ಎಂದು ಕಾಗದ ಬಂತು. ಜೊತೆಗೆ ಹೇಳಿಕೆಯ ಪ್ರತಿ.

ಯಜಮಾನರಿಗೆ ದಿಕ್ಕೇ ತೋಚಲಿಲ್ಲ. "ನಾನು ಇದ್ದದ್ದು ಇದ್ದಂಗೆ ಹೇಳಿದೀನಿ ಕಣೇ. ಒಂದಕ್ಷರ ಸುಳ್ಳು ಸೇರ್ಸಿಲ್ಲ. ಹೇಳಿದ್ದೇ ತಪ್ಪಾಯ್ತು ಅಂತಾರಲ್ಲ!" ಅತ್ತೆ ದೇವರ ಮುಂದೆ ಕೂತವರು ಏಳಲಿಲ್ಲ. ನಾನು ಕಾಗದ ಹಿಡಿದು ರಸ್ತೆ ದಾಟಿದೆ.

ಮಿಸ್ ಓದಿದರು. ಮತ್ತೆ ಓದಿದರು. ಆಮೇಲೆ ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದರು. ಗಾಡಿಯೊಂದು ನನ್ನ ಬಸ್ಸಿಗೆ ಅಡ್ಡವಾಗಿ ಮುಂದೆಯೇ ನಿಂತಿತ್ತು, ಅದನ್ನು ನಾನು ನೋಡಿದೆ, ಆಮೇಲೆ ಬಸ್ ಹೊರಡಿಸಿದೆ, ಗಾಡಿ ಗಾಲಿಗೆ ಸಿಕ್ಕಿತು. ಅಂಥ ಕೆಲಸ ಮಾಡಿದವನನ್ನು ನಾನಾದರೂ ಕೆಲಸದಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ.

"ನಿನ್ನ ಗಂಡನ್ನ ಕರಿ," ಎಂದರು ಮಿಸ್.

ಅವರು ಬಂದು ಕೈಕಟ್ಟಿ ನಿಂತರು.

"ಇಂಗ್ಲಿಷ್ ಬಿಡ್ರಿ. ಅವತ್ತ ನೀವು ಆಡಿದ ಮಾತು, ಹೆಂಗ ಆಡಿದ್ರೋ ಹಂಗs ಆಡ್ರಿ."

"ಏನೂ ಇಲ್ಲ ಮೇಡಂ. ಗಾಡಿ ಬಸ್ಸಿನ ಎದುರಿಗೆ ನಿಂತಿತ್ತು ಸಾರ್, ನಾನು ನೋಡ್ದೆ, ಆಮೇಲೆ ಬಸ್ ಎತ್ತಿದೆ, ಗಾಡಿ ಗಾಲಿಗೆ ಸಿಕ್ತು ಅಂದೆ."

ಮಿಸ್ ಕಾಗದ ಕೆಳಗಿಟ್ಟರು.

"ಯಾವ ಎದುರು?"

"ಎದುರು ಅಂದ್ರೆ... ಎದುರು ಮೇಡಂ. ನಿಮ್ಮನೆ ನಮ್ಮನೆ ಎದುರು ಇಲ್ವಾ, ಹಂಗೆ."

ಆ ಕ್ಷಣದಲ್ಲಿ ಮಿಸ್ ಮುಖ ನೋಡಬೇಕಿತ್ತು. ಕತ್ತಲೆಯಲ್ಲಿ ಬೆಂಕಿಪೊಟ್ಟಣ ಕೈಗೆ ಸಿಕ್ಕವರ ಹಾಗೆ. ಕುರ್ಚಿಯಿಂದ ಎದ್ದು ಬಾಗಿಲಿಗೆ ಬಂದು ನಮ್ಮ ಮನೆಯತ್ತ ಕೈ ಮಾಡಿದರು.

"ನಡುವ ರಸ್ತೆ ಐತೇನು?"

"ಇದೆ ಮೇಡಂ."

"ರಸ್ತೆ ಇದ್ದರ ಆಪೋಸಿಟ್. ರಸ್ತೆ ಇಲ್ಲದs ಮಾರಿಗೆ ಮಾರಿ, ಮುಖಕ್ಕ ಮುಖ ಬಂದು ನಿಂತರ ಇನ್ ಫ್ರಂಟ್. ನಮಗ ಎರಡೂ ಎದುರs. ನೀವು ರಸ್ತೆ ಇಟ್ಟುಕೊಂಡು ಹೇಳೀರಿ. ಬರದವರು ಇನ್ ಫ್ರಂಟ್ ಅಂತ ಹಾಕಿ ನಡುವಿನ ರಸ್ತೆ ತೆಗೆದುಬಿಟ್ಟಾರ!"

ಗಾಡಿ ಉರುಳಿ ಬಂದ ಇಡೀ ರಸ್ತೆ ಆ ಒಂದು ಪದದಲ್ಲಿ ಮಾಯವಾಗಿತ್ತು. ಆಚೆ ಬದಿಯಲ್ಲಿದ್ದ ಗಾಡಿಯನ್ನು ಇಂಗ್ಲಿಷು ಎತ್ತಿ ತಂದು ಬಸ್ಸಿನ ಮೂತಿಯ ಹತ್ತಿರ ಇಟ್ಟಿತ್ತು.

ಆದರೆ ಇದನ್ನು ನಂಬುವವರು ಯಾರು? ಯಜಮಾನರು ಹೋಗಿ ಹೇಳಿದ್ದಕ್ಕೆ, ರುಜು ಹಾಕಿದ ಮೇಲೆ ಮಾತು ಬದಲಾಯಿಸುತ್ತೀಯಾ ಎಂದು ಗದರಿದರಂತೆ. ಕೊನೆಗೆ ಯೂನಿಯನ್ನಿನವರು ಹಿಡಿದು ಕೂತು, ವಿಚಾರಣೆಗೆ ಎರಡೂ ಭಾಷೆ ಬಲ್ಲ ಒಬ್ಬರನ್ನು ಕರೆತರಲು ಒಪ್ಪಿಸಿದರು. ಮಿಸ್ ಸ್ಕೂಲಿಗೆ ರಜೆ ಹಾಕಿದರು. "ತಂಗಿ, ನೀನೂ ನಡಿ. ನಿನ್ನ ಮನಿ ಮಾತು, ನೀ ಕೇಳಬೇಕು," ಎಂದರು. ಅತ್ತೆ ಮೊದಲು ಬೇಡವೆಂದರು. ಆಮೇಲೆ ತಾವೇ ಮಿಸ್ ತಾಯಿಯ ಜೊತೆ ಕೂರಲು ಎದುರುಮನೆಗೆ ಹೋದರು. ಹೊರಡುವಾಗ ಮಿಸ್ ಅವರಿಗೆ ಒಂದೇ ಮಾತು ಹೇಳಿದ್ದು, "ಏನರ ಸರಿಸಿದರ ಯವ್ವಗ ಹೇಳ್ರಿ."

ಆಫೀಸರ ಕೋಣೆಯಲ್ಲಿ ನನಗೆ ಗೋಡೆಯ ಪಕ್ಕ ಒಂದು ಸ್ಟೂಲು ಕೊಟ್ಟರು. ಆಫೀಸರು ಹೊರರಾಜ್ಯದವರು, ಕನ್ನಡ ಬಾರದು. ಕೆಟ್ಟವರಲ್ಲ, ಆದರೆ ಬರೆದದ್ದನ್ನು ಬಿಟ್ಟು ಬೇರೆ ನಂಬದವರು. ಮೇಜಿನ ಪಕ್ಕದಲ್ಲಿ ಹೇಳಿಕೆ ಬರೆದ ಗುಮಾಸ್ತರು. ನಡುವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಹೆದರಿದ ಮುಖ. ತನ್ನ ತಪ್ಪು ಹಿಡಿಯಲು ಯಾರೋ ಬಂದಿದ್ದಾರೆ ಎಂದು ಅವರಿಗೆ ಆಗಲೇ ಗೊತ್ತಾಗಿತ್ತು.

ಆಫೀಸರು ಹೇಳಿಕೆಯನ್ನು ಓದಿ, ಇದರಲ್ಲಿ ಸಂಶಯಕ್ಕೆ ಜಾಗವೆಲ್ಲಿದೆ ಎಂದು ಕೇಳಿದರು. ಅಷ್ಟು ಇಂಗ್ಲಿಷ್ ನನಗೆ ಆಗ ತಿಳಿಯುತ್ತಿತ್ತು. ಮಿಸ್ ವಾದ ಮಾಡುತ್ತಾರೆ, ನಿಘಂಟು ತೆಗೆಯುತ್ತಾರೆ ಎಂದು ನಾನು ಕಾದೆ. ಅವರು ಗುಮಾಸ್ತರ ಕಡೆ ತಿರುಗಿ, ಬೀದಿಯಲ್ಲಿ ಸಿಕ್ಕವರನ್ನು ಮಾತಾಡಿಸುವ ಹಾಗೆ ಕೇಳಿದರು.

"ನಿಮ್ಮ ಮನಿ ಎಲ್ಲಿ ಬರತೈತ್ರಿ?"

"ವಿಜಯನಗರದಲ್ಲಿ ಮೇಡಂ. ಹೊಸದಾಗಿ ಕಟ್ಟಿದೀವಿ."

"ಛಲೋ ಆತು. ನಿಮ್ಮ ಎದುರುಮನ್ಯಾಗ ಯಾರದಾರ?"

ಗುಮಾಸ್ತರಿಗೆ ಉಸಿರು ಸರಾಗವಾಯಿತು. "ಎದುರುಮನೇಲಿ ಒಬ್ರು ಡಾಕ್ಟ್ರು ಇದಾರೆ ಮೇಡಂ. ಬಹಳ ಒಳ್ಳೇವ್ರು."

"ಹೌದ? ಅದನ್ನಷ್ಟು ಸಾಹೇಬರಿಗೆ ಇಂಗ್ಲಿಷಿನ್ಯಾಗ ಹೇಳ್ರಿ."

ಅವರು ನೆಟ್ಟಗೆ ನಿಂತು ಹೇಳಿದರು, "ಸಾರ್, ಇನ್ ಫ್ರಂಟ್ ಆಫ್ ಮೈ ಹೌಸ್, ಒನ್ ಡಾಕ್ಟರ್ ಈಸ್ ದೇರ್ ಸಾರ್."

ಆಫೀಸರು ಕನ್ನಡಕದ ಮೇಲಿನಿಂದ ನೋಡಿದರು. "ಇನ್ ಫ್ರಂಟ್ ಆಫ್ ಯುವರ್ ಹೌಸ್? ವಾಟ್ ಈಸ್ ಹೀ ಡೂಯಿಂಗ್ ದೇರ್?"

"ಹೀ ಈಸ್ ಲಿವಿಂಗ್ ದೇರ್ ಸಾರ್. ವಿತ್ ಫ್ಯಾಮಿಲಿ."

ಆಫೀಸರು ನಕ್ಕುಬಿಟ್ಟರು. ಡಾಕ್ಟರು ಸಂಸಾರ ಸಮೇತ ಗುಮಾಸ್ತರ ಬಾಗಿಲ ಮುಂದೆ ಬೀಡುಬಿಟ್ಟ ಚಿತ್ರ ಅವರ ಕಣ್ಣಿಗೆ ಬಂದಿರಬೇಕು. "ನೋ, ನೋ. ಯೂ ಮೀನ್ ಆಪೋಸಿಟ್. ಅಕ್ರಾಸ್ ದ ರೋಡ್," ಎಂದು ತಿದ್ದಿದರು.

ತಿದ್ದಿದ ಮಾತು ಬಾಯಲ್ಲಿರುವಾಗಲೇ ಅವರ ನಗೆ ನಿಂತಿತು. ಕೈ ತಾನಾಗಿಯೇ ಮೇಜಿನ ಮೇಲಿನ ಹೇಳಿಕೆಯತ್ತ ಹೋಯಿತು. ಇನ್ ಫ್ರಂಟ್ ಆಫ್ ಎಂಬ ಮೂರು ಪದಗಳ ಕೆಳಗೆ ಅವರ ಬೆರಳು ಹೋಗಿ ನಿಂತದ್ದನ್ನು ನಾನು ಗೋಡೆಯ ಪಕ್ಕದಿಂದ ಕಂಡೆ. ಮಿಸ್ ಇನ್ನೂ ಒಂದಕ್ಷರ ವಾದ ಮಾಡಿರಲಿಲ್ಲ.

ಗುಮಾಸ್ತರಿಗೂ ಆಗ ತಿಳಿಯಿತು. ಪಾಪ, ಆ ಮನುಷ್ಯನ ಹಣೆಯಲ್ಲಿ ಬೆವರು ಮೂಡಿತು. ಮಿಸ್ ಅವರನ್ನು ಹಾಗೆ ಬಿಡಲಿಲ್ಲ. ಇಂಗ್ಲಿಷಿನಲ್ಲಿ ಆಫೀಸರಿಗೆ ಹೇಳಿದ್ದನ್ನು ಮರಳಿ ಬರುವಾಗ ನನಗೂ ಹೇಳಿದರು. ಇವರ ತಪ್ಪಿಲ್ಲ ಸಾರ್, ನಾವು ಮೇಷ್ಟ್ರುಗಳು ಬೋರ್ಡಿನ ಮೇಲೆ ಎದುರು ಅಂದರೆ ಇನ್ ಫ್ರಂಟ್ ಎಂದು ಬರೆದು, ಗೆರೆ ಎಳೆದು, ಮುಂದಿನ ಪದಕ್ಕೆ ಹೋಗಿಬಿಡುತ್ತೇವೆ. ನಾನೂ ಹಾಗೇ ಬರೆದಿದ್ದೇನೆ. ಡ್ರೈವರು ಸರಿಯಾಗಿ ಹೇಳಿದ, ಇವರು ಕಲಿಸಿದ್ದನ್ನು ಬರೆದರು. ನೀವು ಅಲ್ಲಿರಲಿಲ್ಲ. ಅಲ್ಲಿ ಇಲ್ಲದವರಿಗೆ ಮಾತೇ ಕಣ್ಣು.

ಕೊನೆಯ ಮಾತು ನನಗೆ ಅಲ್ಲೇ ತಿಳಿದಿತ್ತು. ಅದನ್ನು ಕೇಳಿದಾಗ ನನ್ನ ಮುಂದೆ ಆಫೀಸರು ಕಾಣಲಿಲ್ಲ. ತಟ್ಟೆಯ ಮುಂದೆ ಕೂತ ಮುದುಕಮ್ಮ ಕಂಡರು, ಒಲೆಯ ಪಕ್ಕದಲ್ಲಿ ನೇರ ಲೋಟಕ್ಕೆ ಹೋದ ಅವರ ಕೈ ಕಂಡಿತು.

ಆಫೀಸರು ಅಂದೇ ಜೀಪು ತರಿಸಿ ಜಾಗ ನೋಡಲು ಹೊರಟರು. ಮಿಸ್ಸನ್ನೂ ಕರೆದುಕೊಂಡರು. ಮಿಸ್ ನನ್ನನ್ನು ಬಿಡಲಿಲ್ಲ. ಕೈಗೆ ಕಟ್ಟು ಹಾಕಿಕೊಂಡ ಮುದುಕ ಅಲ್ಲೇ ಮರದ ನೆರಳಲ್ಲಿ ಕೂತಿದ್ದ, ಗಾಡಿಯನ್ನು ಮಗಳು ನೋಡಿಕೊಳ್ಳುತ್ತಿದ್ದಳು. ಗಾಡಿ ಎಲ್ಲಿತ್ತು ಎಂದು ಕೇಳಿದ್ದಕ್ಕೆ ಅವನು, "ಇಗೋ, ಇಲ್ಲೇ ಬುದ್ಧಿ. ಕಲ್ಲು ಜಾರ್ತು, ಹೊಂಟೋಯ್ತು. ಡ್ರೈವರಣ್ಣ ಏನು ಮಾಡ್ತಾನೆ? ಗಾಡಿಗೆ ಬ್ರೇಕ್ ಐತಾ?" ಎಂದ. ಆಫೀಸರು ಆ ಕಲ್ಲಿನ ಹತ್ತಿರ ನಿಂತು ರಸ್ತೆಯ ವಾಲು ನೋಡಿದರು. ಮಗಳಿಂದ ಒಂದು ಸೀಬೆಹಣ್ಣು ಇಸಿದುಕೊಂಡು ನೆಲಕ್ಕಿಟ್ಟು ಬಿಟ್ಟರು. ಅದು ಉರುಳುತ್ತಾ ಉರುಳುತ್ತಾ ರಸ್ತೆ ದಾಟಿ ಎಡಗಡೆಯ ಮೋರಿಗೆ ಬಿತ್ತು.

"ಪ್ಯಾರಲಹಣ್ಣು ಸಾಕ್ಷಿ ಹೇಳಿತು ನೋಡು," ಎಂದರು ಮಿಸ್ ನನ್ನ ಕಿವಿಯಲ್ಲಿ. ಅವರ ಕಡೆ ಸೀಬೆಗೆ ಹಾಗೆನ್ನುತ್ತಾರೆ.

ಹೇಳಿಕೆಯನ್ನು ಹೊಸದಾಗಿ ಬರೆಸಿದರು. ಬರೆದವರು ಅದೇ ಗುಮಾಸ್ತರು. ಈ ಸಲ ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಓದಿ ಹೇಳಿ ರುಜು ಹಾಕಿಸಿಕೊಂಡರಂತೆ. ವಾರ ಕಳೆಯುವುದರೊಳಗೆ ಯಜಮಾನರಿಗೆ ಬಸ್ ಮರಳಿ ಸಿಕ್ಕಿತು.

ಸಿಕ್ಕ ದಿನ ಅವರೊಂದು ಕೆಲಸ ಮಾಡಿದರು. ಶೆಡ್ಡಿಗೆ ಹೋಗುವ ಮುಂಚೆ ಖಾಲಿ ಬಸ್ಸನ್ನು ನಮ್ಮ ಸಣ್ಣ ಬೀದಿಗೆ ತಂದು, ಮಿಸ್ ಮನೆಯ ಬಾಗಿಲಿಗೆ ನಿಲ್ಲಿಸಿ, ಹಾರ್ನ್ ಹೊಡೆದರು. ಬೀದಿಯೆಲ್ಲ ಹೊರಗೆ ಬಂತು. ಅತ್ತೆ ಕೈಯಲ್ಲಿ ಸೌಟು ಹಿಡಿದೇ ಬಂದರು. ಮಿಸ್ ಬಾಗಿಲು ತೆರೆದರೆ ಬರೀ ಬಸ್ಸು.

"ಏನ್ರೀ ಇದು! ಎಲ್ಲಿ ತಂದು ನಿಲ್ಸೀರಿ?"

ಯಜಮಾನರು ಸೀಟಿನಿಂದ ಇಳಿದರು. ಹಿಂದಿನ ದಿನವೆಲ್ಲ ನನ್ನ ಹತ್ತಿರ ಬಾಯಿಪಾಠ ಮಾಡಿದ್ದರು. ಟೋಪಿ ತೆಗೆದು, ಗಂಟಲು ಸರಿಮಾಡಿಕೊಂಡು ಹೇಳಿದರು:

"ಮೇಡಂ, ದ ಬಸ್ ಈಸ್ ಇನ್ ಫ್ರಂಟ್ ಆಫ್ ಯುವರ್ ಹೌಸ್. ಅಂಡ್ ಆಪೋಸಿಟ್ ಮೈ ಹೌಸ್."

ಮಿಸ್ ಒಳಗೆ ತಿರುಗಿ, "ಯವ್ವಾ, ನಮ್ಮ ಬಾಗಿಲದ ಮುಂದ ಒಂದು ಬಸ್ಸು ಬಂದೈತಿ. ಹಸಿರು ಬಣ್ಣದ್ದು. ಮೂತಿ ಬಲಕ್ಕ," ಎಂದರು. ಒಳಗಿನಿಂದ ಮುದುಕಮ್ಮ, "ಹತ್ತಿಸ್ಕೊಂಡು ಹೋಗ್ತಾನೇನು ಕೇಳs," ಎಂದರು. ಬೀದಿ ಬಿದ್ದು ಬಿದ್ದು ನಕ್ಕಿತು. ಯಜಮಾನರು ಹತ್ತಿಸಿಕೊಂಡೇ ಹೋದರು. ಮುದುಕಮ್ಮ ಮುಂದಿನ ಸೀಟಿನಲ್ಲಿ, ಪಕ್ಕದಲ್ಲಿ ಮಿಸ್. ಬೀದಿಯ ಕೊನೆಯವರೆಗೆ ಹೋಗಿ ತಿರುಗಿಸಿಕೊಂಡು ಬರುವವರೆಗೂ ಎಡಕ್ಕೆ ಏನು, ಬಲಕ್ಕೆ ಏನು ಎಂದು ಮಿಸ್ ಹೇಳುತ್ತಲೇ ಇದ್ದರು.

ತಾಯಿ ತೀರಿಕೊಂಡ ಮೇಲೆ ಮಿಸ್ ಆ ಮನೆ ಬಿಟ್ಟು ತಮ್ಮ ಊರಿಗೆ ಹೋದರು. ಬೇರೆ ಬೇರೆಯವರು ಬಂದರು, ಹೋದರು. ನಾವು ಎಲ್ಲರನ್ನೂ "ಎದುರುಮನೆಯವರು" ಎಂದೇ ಕರೆದೆವು. ಆದರೆ ಎದುರುಮನೆ ಮಿಸ್ ಎಂದರೆ ಅವರೊಬ್ಬರೇ.

ಗಿರಣಿಯಿಂದ ಬಂದು ಯಜಮಾನರಿಗೆ ಸುದ್ದಿ ಹೇಳಿದೆ. ಅವರು ಪೇಪರು ಮಡಿಸಿಟ್ಟು, ಹೊರಗೆ ಹೋಗಿ ಬಾಗಿಲಲ್ಲಿ ನಿಂತರು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ರಸ್ತೆಯಾಚೆ ಆ ಮನೆಯ ಬಾಗಿಲು ಮುಚ್ಚಿತ್ತು.

"ಎದುರಿಗೇ ನಿಂತಂಗಿದೆ ಕಣೇ," ಎಂದರು.

ನನ್ನ ಬಾಯಿಗೆ ತಾನಾಗಿ ಬಂತು, "ಯಾವ ಎದುರು?"

ಅವರು ರಸ್ತೆಯ ಕಡೆ ನೋಡಿದರು. ಆಮೇಲೆ ಅಂಗೈಯನ್ನು ಎತ್ತಿ ತಮ್ಮ ಮುಖದ ಹತ್ತಿರಕ್ಕೆ ತಂದು ಹಿಡಿದರು. ನಡುವೆ ರಸ್ತೆ ಇರಲಿಲ್ಲ.